ಜಾವಾ 8ರಿಂದ 17ಕ್ಕೆ: ಜೆಡೆಪ್ಸ್ ತೋರಿಸಿದ್ದು, ತೋರಿಸದೇ ಹೋದದ್ದು

ಹಿನ್ನೆಲೆ

ಉತ್ತರ ಕರ್ನಾಟಕದ ಒಂದು ಊರಿನಲ್ಲಿ ಹದಿನೈದು-ಇಪ್ಪತ್ತು ಜನರ ಸಾಫ್ಟ್‌ವೇರ್ ಸಂಸ್ಥೆಯೊಂದಿದೆ. ಪತ್ತಿನ ಸಹಕಾರಿ ಸಂಘಗಳಿಗೆ, ಸೌಹಾರ್ದಗಳಿಗೆ ಲೆಕ್ಕಪತ್ರದ ತಂತ್ರಾಂಶ ಮಾಡಿಕೊಡುವುದು ಅದರ ಕಸುಬು. ಸಂಸ್ಥೆಯ ಹೆಸರು, ಊರಿನ ಹೆಸರು ಇಲ್ಲಿ ಬೇಡ. ಗುರುತು ಹತ್ತಬಹುದಾದ ಒಂದೆರಡು ವಿವರಗಳನ್ನು ಬದಲಿಸಿದ್ದೇನೆ. ತಾಂತ್ರಿಕ ಸಂಗತಿಗಳು ಮಾತ್ರ ಇದ್ದದ್ದು ಇದ್ದ ಹಾಗೆಯೇ ಇವೆ. ನಾನು ಅಲ್ಲಿನ ನೌಕರನಲ್ಲ. ಜಾವಾ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದ ಹಳೆಯ ಕೋಡನ್ನು ಹೊಸ ಆವೃತ್ತಿಗೆ ತರುವ ಕೆಲಸಕ್ಕೆ ಹೊರಗಿನಿಂದ ಕರೆಸಿಕೊಂಡವನು. ಯಾವ ಕೋಡ್ ಯಾವುದನ್ನು ನೆಚ್ಚಿದೆ ಎಂದು ತೋರಿಸುವ ಜೆಡೆಪ್ಸ್ ಎಂಬ ಸಾಧನ ಆ ಕೆಲಸದಲ್ಲಿ ಎಷ್ಟು ನೆರವಾಯಿತು ಎಂಬುದೇ ಈ ಬರಹ.

ತಂತ್ರಾಂಶ ಹುಟ್ಟಿದ್ದು ಜಾವಾ 6ರ ಕಾಲದಲ್ಲಿ. ಆಮೇಲೆ ಜಾವಾ 8ಕ್ಕೆ ಏರಿ ಅಲ್ಲೇ ಬೇರುಬಿಟ್ಟಿತ್ತು. ಟಾಮ್‌ಕ್ಯಾಟ್ ಎಂಬ ವೆಬ್ ಸರ್ವರ್ ಮೇಲೆ ಓಡುವ ಒಂದೇ ಒಂದು ದೊಡ್ಡ ವಾರ್ ಫೈಲು (ಇಡೀ ತಂತ್ರಾಂಶದ ಗಂಟು), ಅದರ ಲಿಬ್ ಫೋಲ್ಡರಿನಲ್ಲಿ ನೂರಕ್ಕೂ ಹೆಚ್ಚು ಜಾರ್‌ಗಳು, ಅಂದರೆ ಸಿದ್ಧ ಜಾವಾ ಕೋಡಿನ ಕಟ್ಟುಗಳು. ಜಾರ್‌ಗಳನ್ನು ತಾವೇ ತಂದು ಸಂಭಾಳಿಸುವ ಮೇವನ್ ಇಲ್ಲ, ಗ್ರೇಡಲ್ ಇಲ್ಲ. ಬೇಕಾದ ಜಾರ್ ಇಳಿಸಿಕೊಂಡು ಫೋಲ್ಡರಿಗೆ ಹಾಕುವುದು, ಬಿಲ್ಡ್ ಮಾಡುವ ಆಂಟ್ ಸ್ಕ್ರಿಪ್ಟ್ ಓಡಿಸುವುದು, ಇಷ್ಟೇ ಪದ್ಧತಿ. ಕೆಲವು ಜಾರ್‌ಗಳ ಹೆಸರಿನಲ್ಲಿ ಆವೃತ್ತಿಯ ಸಂಖ್ಯೆ ಇರಲಿಲ್ಲ. ಇನ್ನು ಕೆಲವನ್ನು ಯಾರು ಹಾಕಿದರು, ಯಾಕೆ ಹಾಕಿದರು ಎಂದು ಹೇಳಬಲ್ಲವರೆಲ್ಲ ಬೆಂಗಳೂರಿಗೋ ಪುಣೆಗೋ ಕೆಲಸ ಬದಲಿಸಿ ವರ್ಷಗಳಾಗಿದ್ದವು.

ಜಾವಾ 8ರಲ್ಲೇ ಉಳಿಯುವುದೂ ಒಂದು ದಾರಿಯೇ ಆಗಿತ್ತು. ಅದನ್ನು ಅವರಿಗೆ ಮೊದಲ ದಿನವೇ ಹೇಳಿದ್ದೆ. ವಾಣಿಜ್ಯ ಬಳಕೆಗೆ ಒರೇಕಲ್ ಕೊಡುತ್ತಿದ್ದ ಉಚಿತ ಅಪ್‌ಡೇಟ್‌ಗಳು 2019ರ ಜನವರಿಗೆ ನಿಂತರೂ, ಓಪನ್‌ಜೆಡಿಕೆ 8ರ (ಜಾವಾದ ಮುಕ್ತ ರೂಪ) ಬೇರೆ ಬಿಲ್ಡ್‌ಗಳಿಗೆ ಭದ್ರತಾ ತಿದ್ದುಪಡಿಗಳು ಬರುತ್ತಲೇ ಇವೆ. ಆದರೆ ಸಂಸ್ಥೆ ಹೊಸ ಮೊಬೈಲ್ ಸೇವೆಯನ್ನು ಸ್ಪ್ರಿಂಗ್ ಬೂಟ್ 3 ಎಂಬ ಚೌಕಟ್ಟಿನಲ್ಲಿ ಕಟ್ಟಲು ಹೊರಟಿತ್ತು. ಅದಕ್ಕೆ ಕನಿಷ್ಠ ಜಾವಾ 17 ಬೇಕು. ಹಳೆಯ ಕೋಡಿನ ಒಂದಷ್ಟು ಭಾಗ ಅಲ್ಲಿಯೂ ಬೇಕಾಗಿತ್ತು. ಸಂಘಗಳ ಸರ್ವರುಗಳಲ್ಲಿ ಎರಡೆರಡು ಜಾವಾ ಇಟ್ಟುಕೊಂಡು ಸಂಭಾಳಿಸುವಷ್ಟು ಜನ ಅವರ ಬಳಿ ಇರಲಿಲ್ಲ. ಹಾಗಾಗಿ ಎಲ್ಲವನ್ನೂ 17ಕ್ಕೆ ತರುವುದೆಂದು ತೀರ್ಮಾನವಾಯಿತು.

‘ಓಡಿಸಿ ನೋಡೋಣ’

ನಾನು ಹೋಗುವ ಮುಂಚೆ ಅವರು ಮಾಡಿದ್ದು ಎಲ್ಲರೂ ಮಾಡುವಂಥದ್ದೇ. ಟೆಸ್ಟ್ ಮಷೀನಿಗೆ ಜಾವಾ 17 ಹಾಕಿ ಟಾಮ್‌ಕ್ಯಾಟ್ ಶುರುಮಾಡಿದರು. ಮೊದಲು ಜಾಕ್ಸ್‌ಬಿ (ಎಕ್ಸ್‌ಎಂಎಲ್ ಓದಿ ಬರೆಯುವ ಲೈಬ್ರರಿ) ಸಿಗುತ್ತಿಲ್ಲ ಎಂದಿತು. ಅದರ ಜಾರ್ ತಂದು ಹಾಕಿದರು. ಆಮೇಲೆ ಸಿಜಿಲಿಬ್ ಎಂಬ ಹಳೆಯ ಲೈಬ್ರರಿ, ಕ್ಲಾಸುಗಳನ್ನು (ಕೋಡಿನ ಘಟಕಗಳನ್ನು) ಲೋಡ್ ಮಾಡುವ ಜಾವಾದ ಒಳಗಿನ ಕ್ಲಾಸ್‌ಲೋಡರಿಗೆ ಕೈಹಾಕಲು ಹೋಗಿ ಬಿತ್ತು. ಅದಕ್ಕೊಂದು ದಾರಿ ಹುಡುಕಿದರೆ ಮುಂದಿನದು ಸಿದ್ಧವಾಗಿರುತ್ತಿತ್ತು. ಒಂದು ತಪ್ಪು ತಿದ್ದಿದ ಮೇಲಷ್ಟೇ ಇನ್ನೊಂದು ಕಾಣುವುದರಿಂದ ದಾರಿ ಎಷ್ಟು ಉದ್ದವಿದೆ ಎಂಬುದೇ ತಿಳಿಯುತ್ತಿರಲಿಲ್ಲ. ‘ಇನ್ನೂ ಎಷ್ಟು ಅದಾವ್ರೀ ಮೇಡಂ?’ ಎಂದು ಸಂಸ್ಥೆಯ ಮಾಲೀಕರು ಕೇಳಿದಾಗ ಕೊಡಲು ಹಿರಿಯ ಎಂಜಿನಿಯರ್ ಬಳಿ ಸಂಖ್ಯೆ ಇರಲಿಲ್ಲ. ಅವರಿಗೆ ಬೇಕಾಗಿದ್ದದ್ದು ಒಂದು ಪಟ್ಟಿ: ಯಾವುದು ಮುರಿಯುತ್ತದೆ, ಯಾವುದು ನಮ್ಮ ಕೋಡು, ಯಾವುದು ಬೇರೆಯವರದ್ದು, ಯಾವುದನ್ನು ಮೊದಲು ಮುಟ್ಟಬೇಕು.

8ಕ್ಕೂ 17ಕ್ಕೂ ನಡುವೆ ಜಾವಾದಲ್ಲಿ ಆದ ಬದಲಾವಣೆಗಳಲ್ಲಿ ಇಂಥ ತಂತ್ರಾಂಶಕ್ಕೆ ಪೆಟ್ಟು ಕೊಡುವಂಥವು ಕೆಲವೇ. 2017ರ ಜಾವಾ 9 ಇಡೀ ಜೆಡಿಕೆಯನ್ನು (ಜಾವಾ ಕೋಡ್ ಕಟ್ಟಲು, ಓಡಿಸಲು ಬೇಕಾದ ಸಾಧನಗಳ ಗಂಟು) ಮಾಡ್ಯೂಲುಗಳಾಗಿ ಒಡೆಯಿತು. ‘ಸನ್’ ಎಂದು ಶುರುವಾಗುವ ಹಲವು ಒಳಗಿನ ಕ್ಲಾಸುಗಳು ಆಗಲೇ ಮಾಯವಾದವು. 2018ರ ಜಾವಾ 11ರಲ್ಲಿ ಜಾಕ್ಸ್‌ಬಿ, ಜಾಕ್ಸ್-ಡಬ್ಲ್ಯುಎಸ್, ಕೋರ್ಬಾ ಮೊದಲಾದ ಲೈಬ್ರರಿಗಳನ್ನು ಜೆಡಿಕೆಯಿಂದ ಹೊರಗೆ ಹಾಕಿದರು. ಜಾವಾ 15ರಲ್ಲಿ ನ್ಯಾಶಾರ್ನ್ ಎಂಬ ಜಾವಾಸ್ಕ್ರಿಪ್ಟ್ ಎಂಜಿನ್ ಹೋಯಿತು. ರಿಫ್ಲೆಕ್ಷನ್ ಮೂಲಕ, ಅಂದರೆ ಓಡುವ ಹೊತ್ತಿನಲ್ಲಿ ಹೆಸರು ಹಿಡಿದು, ಜೆಡಿಕೆಯ ಹೊಟ್ಟೆಯೊಳಗೆ ಕೈಹಾಕುವುದಕ್ಕೆ 16ರಲ್ಲಿ ಬಾಗಿಲು ಮುಚ್ಚಿ, 2021ರ ಸೆಪ್ಟೆಂಬರಿನಲ್ಲಿ ಬಂದ 17ರಲ್ಲಿ ಬೀಗವನ್ನೇ ಜಡಿದರು.

ಯಾವ ಜೆಡಿಕೆಯ ಜೆಡೆಪ್ಸ್?

ಜೆಡೆಪ್ಸ್ ಹೊಸದಾಗಿ ಇನ್‌ಸ್ಟಾಲ್ ಮಾಡುವಂಥ ಸಾಧನವಲ್ಲ. 2014ರಲ್ಲಿ ಬಂದ ಜೆಡಿಕೆ 8ರಿಂದ ಬಿನ್ ಫೋಲ್ಡರಿನಲ್ಲಿ ಜಾವಾಸಿ ಎಂಬ ಕಂಪೈಲರ್ ಪಕ್ಕದಲ್ಲೇ ಕೂತಿರುತ್ತದೆ. ಬಹಳ ಜನ ಅದನ್ನು ಒಮ್ಮೆಯೂ ಕರೆದಿರುವುದಿಲ್ಲ. ಟರ್ಮಿನಲ್‌ನಲ್ಲಿ ಅದರ ಹೆಸರು ಬರೆದು ಒಂದು ಜಾರ್ ಕೊಟ್ಟರೆ, ಅದರೊಳಗಿನ ಕ್ಲಾಸುಗಳು ಯಾವ ಯಾವ ಪ್ಯಾಕೇಜುಗಳನ್ನು (ಕ್ಲಾಸುಗಳ ಗುಂಪುಗಳನ್ನು) ಹೆಸರಿಸಿವೆ, ಅವು ಎಲ್ಲಿ ಸಿಗುತ್ತವೆ ಎಂದು ಬಾಣದ ಗುರುತು ಹಾಕಿ ಸಾಲುಸಾಲಾಗಿ ಬರೆಯುತ್ತದೆ. ಸೋರ್ಸ್ ಕೋಡ್ ಬೇಡ, ಅದು ಓದುವುದು ಕಂಪೈಲ್ ಆದ ಬೈಟ್‌ಕೋಡನ್ನು. ಅಪ್ಪ-ಅಮ್ಮ ಯಾರೆಂದು ಗೊತ್ತಿಲ್ಲದ ಜಾರ್‌ಗಳೇ ತುಂಬಿದ್ದ ಈ ಫೋಲ್ಡರಿಗೆ ಇದು ಹೇಳಿ ಮಾಡಿಸಿದ್ದಾಗಿತ್ತು.

ತಂಡದ ಒಬ್ಬ ಎಂಜಿನಿಯರ್ ಆಗಲೇ ಇದನ್ನು ಓಡಿಸಿಯೂ ನೋಡಿದ್ದರು. ಜೆಡಿಕೆ-ಇಂಟರ್ನಲ್ಸ್ ಆಯ್ಕೆ ಕೊಟ್ಟು ತೆಗೆದ ಪಟ್ಟಿ ಚಿಕ್ಕದಾಗಿತ್ತು, ಎಲ್ಲರಿಗೂ ನಿರಾಳವಾಗಿತ್ತು. ಆದರೆ ಅದರಲ್ಲಿ ಜಾಕ್ಸ್‌ಬಿಯ ಸುಳಿವೇ ಇರಲಿಲ್ಲ. ಟಾಮ್‌ಕ್ಯಾಟ್ ಮೊದಲು ಬಿದ್ದದ್ದೇ ಜಾಕ್ಸ್‌ಬಿ ಇಲ್ಲವೆಂದು. ಕಾರಣ ಸರಳ. ಅವರು ಓಡಿಸಿದ್ದು ಜೆಡಿಕೆ 8ರ ಜೆಡೆಪ್ಸ್. 8ರ ಲೋಕದಲ್ಲಿ ಜಾಕ್ಸ್‌ಬಿ ಎಲ್ಲರಿಗೂ ತೆರೆದ, ಮಾನ್ಯವಾದ ಎಪಿಐ, ಅಂದರೆ ಬೇರೆ ಕೋಡ್ ಕರೆಯಬಹುದಾದ ಭಾಗ. ಅದು ಮುಂದೆ ಇಲ್ಲವಾಗುತ್ತದೆಂದು ಆ ಸಾಧನಕ್ಕೆ ಹೇಗೆ ಗೊತ್ತಿರಬೇಕು?

ಅದೇ ಹಳೆಯ ಕ್ಲಾಸ್ ಫೈಲುಗಳನ್ನು ಜೆಡಿಕೆ 17ರ ಜೆಡೆಪ್ಸ್‌ಗೆ ಓದಿಸಿದೆವು. ಹೊಸ ಸಾಧನಕ್ಕೆ ಹಳೆಯ ಬೈಟ್‌ಕೋಡ್ ಓದಲು ಅಡ್ಡಿಯಿಲ್ಲ, ಮರುಕಂಪೈಲ್ ಮಾಡಬೇಕಾಗಿಲ್ಲ. ಈ ಬಾರಿ ಎರಡು ಸಲ ಓಡಿಸಿದೆವು: ಒಮ್ಮೆ ಜೆಡಿಕೆ-ಇಂಟರ್ನಲ್ಸ್ ಆಯ್ಕೆಯೊಂದಿಗೆ, ಇನ್ನೊಮ್ಮೆ ಮಿಸ್ಸಿಂಗ್-ಡೆಪ್ಸ್ ಆಯ್ಕೆಯೊಂದಿಗೆ. ಮೊದಲನೆಯದು ಒಳಗಿನ ಎಪಿಐಗಳನ್ನೂ ಅವುಗಳಲ್ಲಿ ತೆಗೆದುಹಾಕಿದವನ್ನೂ ಹೇಳುತ್ತದೆ. ಎರಡನೆಯದು ಎಲ್ಲೂ ಸಿಗದ ಕ್ಲಾಸುಗಳನ್ನು ‘ನಾಟ್ ಫೌಂಡ್’ ಎಂದು ತೋರಿಸುತ್ತದೆ, ಜಾಕ್ಸ್‌ಬಿ ಬಂದು ಕೂತದ್ದು ಅಲ್ಲಿ. ಈ ಪ್ರಕರಣದ ಮೊದಲ ತಿರುವು ಇದೇ ಎಂದು ನನ್ನ ಎಣಿಕೆ. ಹೋಗಬೇಕಾದ ಊರಿನ ಜೆಡಿಕೆಯಿಂದಲೇ ನೋಡಬೇಕು, ಬಿಟ್ಟುಹೋಗುವ ಊರಿನದರಿಂದ ನೋಡಿದರೆ ಎಲ್ಲವೂ ಸರಿಯಾಗೇ ಕಾಣುತ್ತದೆ.

ಸಣ್ಣ ಎಡವಟ್ಟುಗಳೂ ಇದ್ದವು. ಮೊದಲ ಓಟ ಅರ್ಧಕ್ಕೇ ನಿಂತಿತು: ಒಂದು ಜಾರ್ ಮಲ್ಟಿ-ರಿಲೀಸ್ (ಬೇರೆ ಬೇರೆ ಜಾವಾ ಆವೃತ್ತಿಗೆ ಬೇರೆ ಬೇರೆ ಕ್ಲಾಸುಗಳಿರುವಂಥದ್ದು) ಆಗಿದೆ, ಮಲ್ಟಿ-ರಿಲೀಸ್ ಆಯ್ಕೆ ಕೊಟ್ಟಿಲ್ಲ ಎಂದು ತಕರಾರು. ನೋಡಿದರೆ ಅದು 2021ರ ಡಿಸೆಂಬರಿನ ಲಾಗ್4ಶೆಲ್ ಎಂಬ ಭದ್ರತಾ ದೋಷದ ಗದ್ದಲದಲ್ಲಿ ಓಡೋಡಿ ತಂದು ಹಾಕಿದ್ದ, ಲಾಗ್ ಬರೆಯುವ ಲೈಬ್ರರಿ ಲಾಗ್4ಜೆ 2. ಪಕ್ಕದಲ್ಲೇ ಹಳೆಯ ಲಾಗ್4ಜೆ 1.2 ಕೂಡ ಆರಾಮಾಗಿ ಕೂತಿತ್ತು! ಆಯ್ಕೆಗೆ 17 ಎಂದು ಕೊಟ್ಟ ಮೇಲೆ ಓಟ ಮುಂದುವರಿಯಿತು. ‘ನಾಟ್ ಫೌಂಡ್’ ಪಟ್ಟಿ ಹೆದರಿಕೆ ಹುಟ್ಟಿಸುವಷ್ಟು ಉದ್ದ ಬಂದಿತ್ತು. ಅದರಲ್ಲಿ ದೊಡ್ಡ ಪಾಲು ವೆಬ್ ಕೋರಿಕೆಗಳನ್ನು ನಿಭಾಯಿಸುವ ಸರ್ವ್‌ಲೆಟ್ ಎಪಿಐನದ್ದು, ಅದು ಟಾಮ್‌ಕ್ಯಾಟ್‌ನ ಲಿಬ್ ಫೋಲ್ಡರಿನಲ್ಲಿರುತ್ತದೆ, ವಾರ್ ಒಳಗೆ ಇರುವುದಿಲ್ಲ. ಕ್ಲಾಸುಗಳನ್ನು ಹುಡುಕುವ ಜಾಗಗಳ ಪಟ್ಟಿಯಾದ ಕ್ಲಾಸ್-ಪಾತ್‌ಗೆ ಟಾಮ್‌ಕ್ಯಾಟ್‌ನ ಜಾರ್‌ಗಳನ್ನು ಸೇರಿಸಿದ ಕೂಡಲೇ ಪಟ್ಟಿ ಓದಬಲ್ಲಷ್ಟಕ್ಕೆ ಇಳಿಯಿತು. ಉಳಿದವುಗಳಲ್ಲಿ ಲಾಗ್4ಜೆ 1.2 ಕೇಳುವ ಜೆಎಂಎಸ್ (ಸಂದೇಶ ರವಾನೆ) ಕ್ಲಾಸುಗಳಂಥವು ನಿರುಪದ್ರವಿ. ಲಾಗ್‌ಗಳನ್ನು ಜೆಎಂಎಸ್ ಕ್ಯೂಗೆ ಕಳಿಸುವ ಸೌಲಭ್ಯ ಆ ಲೈಬ್ರರಿಯಲ್ಲಿದೆ, ಇವರು ಅದನ್ನು ಬಳಸಿದವರೇ ಅಲ್ಲ.

ಡಾಟ್-ಔಟ್‌ಪುಟ್ ಆಯ್ಕೆಯಿಂದ ಚಿತ್ರ ಬರೆಯುವ ಗ್ರಾಫ್‌ವಿಜ್‌ಗೆ ಕೊಟ್ಟು ಒಂದು ಚಿತ್ರವನ್ನೂ ತೆಗೆದರು. ನೂರು ಜಾರ್‌ಗಳ ಗೆರೆಗಳು ಒಂದರ ಮೇಲೊಂದು ಬಿದ್ದು ಯಾರಿಗೂ ಏನೂ ತಿಳಿಯಲಿಲ್ಲ. ಮಾಲೀಕರ ಕೋಣೆಯ ಗೋಡೆಗೆ ಮಾತ್ರ ಚೆನ್ನಾಗಿತ್ತು. ನಿಜಕ್ಕೂ ಕೆಲಸಕ್ಕೆ ಬಂದದ್ದು ಇನ್ವರ್ಸ್ ಆಯ್ಕೆ. ‘ಈ ಜಾರ್ ಯಾರನ್ನು ನೆಚ್ಚಿದೆ’ ಎಂಬ ಪ್ರಶ್ನೆಯನ್ನು ತಿರುಗಿಸಿ, ‘ಈ ಪ್ಯಾಕೇಜನ್ನು ನೇರವಾಗಿಯೋ ಪರೋಕ್ಷವಾಗಿಯೋ ನೆಚ್ಚಿಕೊಂಡವರು ಯಾರ್ಯಾರು’ ಎಂದು ಅದರಿಂದ ಕೇಳಬಹುದು. ಜಾಕ್ಸ್‌ಬಿಯ ಮಟ್ಟಿಗೆ ಹೀಗೆ ಕೇಳಿದಾಗ, ಸ್ವಂತ ಕೋಡಿನಲ್ಲಿ ಅದನ್ನು ಮುಟ್ಟುವುದು ಒಂದೇ ಒಂದು ಪ್ಯಾಕೇಜ್ ಎಂದು ತಿಳಿಯಿತು. ದೊಡ್ಡ ಬ್ಯಾಂಕಿನ ಮೂಲಕ ಹಣ ವರ್ಗಾಯಿಸಲು ಎಕ್ಸ್‌ಎಂಎಲ್ ಫೈಲ್ ತಯಾರಿಸುವ ಭಾಗ ಅದು. ಜಾಕ್ಸ್‌ಬಿ 2.3ರ ಜಾರ್‌ಗಳನ್ನು ಹಾಕಿದರೆ ಸಾಕಾಯಿತು. 3.0 ಹಾಕಿದ್ದರೆ ಪ್ಯಾಕೇಜಿನ ಹೆಸರೇ ಜಕಾರ್ತಾ ಎಂದು ಬದಲಾಗಿರುವುದರಿಂದ ಕೋಡನ್ನೂ ಮುಟ್ಟಬೇಕಾಗುತ್ತಿತ್ತು. ಇದೇ ಕಾರಣಕ್ಕೆ ಟಾಮ್‌ಕ್ಯಾಟ್ 10ಕ್ಕೆ ಹೋಗದೆ 9ರಲ್ಲೇ ನಿಲ್ಲುವುದೆಂದೂ ನಿರ್ಧರಿಸಿದರು. ಒಂದೇ ಸಲಕ್ಕೆ ಎರಡು ವಲಸೆ ಬೇಡ ಎಂದ ಹಿರಿಯ ಎಂಜಿನಿಯರ್ ಮೇಡಂ ಅವರ ಈ ಮಾತಿಗೆ ನನ್ನ ಪೂರ್ತಿ ಒಪ್ಪಿಗೆಯಿತ್ತು.

‘ಡಿ’ ಅಕ್ಷರ ಏನು ತಪ್ಪು ಮಾಡಿತು?

ಒಳಗಿನ ಎಪಿಐಗಳ ಪಟ್ಟಿಯಲ್ಲಿ ಸಂಸ್ಥೆಯ ಸ್ವಂತ ಕೋಡಿಗೆ ಸೇರಿದ್ದು ಮುಖ್ಯವಾಗಿ ಎರಡು. ಒಂದು, ಸ್ಕ್ಯಾನ್ ಮಾಡಿದ ಮಾದರಿ ಸಹಿಯನ್ನು ಕುಗ್ಗಿಸಲು ಬಳಸಿದ್ದ ಕಾಮ್-ಸನ್ ಗುಂಪಿನ ಜೆಪೆಗ್ ಕೋಡೆಕ್. ಅದನ್ನು ಜಾವಾದ್ದೇ ಆದ ಇಮೇಜ್‌ಐಓಗೆ ಬದಲಿಸಿದ್ದು ಒಂದು ಮಧ್ಯಾಹ್ನದ ಕೆಲಸ. ಇನ್ನೊಂದು, ಸನ್-ಮಿಸ್ಕ್ ಗುಂಪಿನ ಬೇಸ್64 ಎನ್‌ಕೋಡರ್ ಮತ್ತು ಡಿಕೋಡರ್, ಅಂದರೆ ಬೈಟ್‌ಗಳನ್ನು ಸಾದಾ ಅಕ್ಷರಗಳಾಗಿ ಬರೆಯುವ, ಮತ್ತೆ ಬೈಟ್ ಆಗಿಸುವ ಜೋಡಿ. ಜೆಡೆಪ್ಸ್ ತನ್ನ ವರದಿಯ ಕೊನೆಗೆ ಬದಲಿ ಸಲಹೆಗಳ ಒಂದು ಕೋಷ್ಟಕವನ್ನೂ ಕೊಡುತ್ತದೆ. ಅದರಲ್ಲಿ ಇದರ ಎದುರಿಗೆ ‘ಜಾವಾ-ಯುಟಿಲ್‌ನ ಬೇಸ್64 ಬಳಸಿ, ಜಾವಾ 8ರಿಂದ ಲಭ್ಯ’ ಎಂದಿತ್ತು. ಸಲಹೆ ಸರಿಯಾದದ್ದೇ. ಎಂಜಿನಿಯರ್ ಹುಡುಕಿ-ಬದಲಿಸಿ ಮಾಡಿದರು, ಟೆಸ್ಟ್‌ಗಳೆಲ್ಲ ಹಸಿರಾದವು.

ಒಂದು ಸಂಘದ ಹಳೆಯ ಡೇಟಾಬೇಸ್ ತಂದು ಪರೀಕ್ಷಿಸುವಾಗ ಖಾತೆದಾರರ ಸಹಿಗಳು ಪರದೆ ಮೇಲೆ ಬರಲಿಲ್ಲ. ಲಾಗ್‌ನಲ್ಲಿ ‘ಇಲ್ಲೀಗಲ್ ಬೇಸ್64 ಕ್ಯಾರೆಕ್ಟರ್ ಡಿ’ ಎಂದಿತ್ತು. ‘ಸರ್, ಬೇಸ್64ನಲ್ಲಿ ಡಿ ಇರಲೇಬೇಕಲ್ರೀ, ಅದ್ಯಾಕ ತಪ್ಪಾಗ್ತೈತಿ?’ ಎಂದು ಎಂಜಿನಿಯರ್ ಕೇಳಿದರು. ಪ್ರಶ್ನೆ ನ್ಯಾಯವಾದದ್ದೇ. ಆದರೆ ಆ ಸಂದೇಶದಲ್ಲಿರುವುದು ಅಕ್ಷರವಲ್ಲ, ಬೈಟ್‌ನ ಹೆಕ್ಸ್ (ಹದಿನಾರರ ಎಣಿಕೆಯ) ಬೆಲೆ. ಹೆಕ್ಸ್‌ನ ಡಿ ಅಂದರೆ 13, ಕ್ಯಾರೇಜ್ ರಿಟರ್ನ್ ಎಂಬ ಸಾಲುಮುರಿತದ ಗುರುತು. ಹಳೆಯ ಸನ್ ಎನ್‌ಕೋಡರ್ ಪ್ರತಿ 57 ಬೈಟ್‌ಗೊಮ್ಮೆ, ಅಂದರೆ 76 ಅಕ್ಷರ ಬರೆದಾಗಲೊಮ್ಮೆ, ಸಾಲು ಮುರಿಯುತ್ತದೆ. ಮುರಿಯುವುದು ಆ ಮಷೀನಿನ ರೂಢಿಯಂತೆ. ಸಂಘದ ಸರ್ವರ್ ವಿಂಡೋಸ್ ಆದ್ದರಿಂದ ಪ್ರತಿ ಸಾಲಿನ ಕೊನೆಗೆ 13 ಮತ್ತು 10 ಎರಡೂ ಇದ್ದವು. ಲಿನಕ್ಸ್ ಆಗಿದ್ದರೆ ದೂರು ‘ಎ’ ಅಕ್ಷರದ ಮೇಲೆ ಬರುತ್ತಿತ್ತು. ಹಳೆಯ ಡಿಕೋಡರ್ ಈ ಸಾಲುಮುರಿತಗಳನ್ನು ಸುಮ್ಮನೆ ನುಂಗಿಕೊಳ್ಳುತ್ತಿತ್ತು. ಹೊಸದರ ಸಾಮಾನ್ಯ ಡಿಕೋಡರ್ ಒಂದನ್ನೂ ಒಪ್ಪುವುದಿಲ್ಲ. ಟೆಸ್ಟ್‌ಗಳಲ್ಲಿ ಬಳಸಿದ್ದ ಪಠ್ಯಗಳೆಲ್ಲ 57 ಬೈಟ್‌ಗಿಂತ ಚಿಕ್ಕವು, ಹಾಗಾಗಿ ಅಲ್ಲಿ ಏನೂ ಕಾಣಲಿಲ್ಲ.

ಡೇಟಾಬೇಸಿನಿಂದ ಓದುವ ಕಡೆ ಜಾವಾ-ಯುಟಿಲ್‌ನದ್ದೇ ಮೈಮ್ ಡಿಕೋಡರ್ ಹಾಕಿದರು. ಅದು ಸಾಲುಮುರಿತಗಳನ್ನು ಕಡೆಗಣಿಸಿ ಓದುತ್ತದೆ. ಬ್ಯಾಂಕಿಗೆ ಹೋಗುವ ಫೈಲಿನ ವಿಷಯ ಇಷ್ಟು ಸುಲಭವಿರಲಿಲ್ಲ. ಅಲ್ಲಿ ಎನ್‌ಕೋಡ್ ಆದ ಪಠ್ಯದ ಮೇಲೆಯೇ ಚೆಕ್‌ಸಮ್ (ತಾಳೆ ನೋಡುವ ಸಂಖ್ಯೆ) ಹಾಕುತ್ತಿದ್ದರು, ಒಂದು ಬೈಟ್ ಅತ್ತಿತ್ತ ಆದರೂ ಆ ಕಡೆಯಿಂದ ಫೈಲ್ ವಾಪಸ್ ಬರುತ್ತದೆ. ಮೈಮ್ ಎನ್‌ಕೋಡರ್ ಕೂಡ 76ಕ್ಕೇ ಸಾಲು ಮುರಿಯುತ್ತದೆ, ಆದರೆ ಕೊನೆಯ ಸಾಲಿನ ಬಳಿಕ ಏನನ್ನೂ ಹಾಕುವುದಿಲ್ಲ. ಹಳೆಯ ಕೋಡ್ ಕರೆಯುತ್ತಿದ್ದ ಎನ್‌ಕೋಡ್‌ಬಫರ್ ಅಲ್ಲೂ ಒಂದು ಸಾಲುಮುರಿತ ಹಾಕುತ್ತಿತ್ತು. ಅದನ್ನು ಕೋಡಿನಲ್ಲಿ ಬೇರೆಯಾಗಿ ಸೇರಿಸಿ, ಅದೇ ದಿನದ ಅದೇ ವಹಿವಾಟುಗಳಿಗೆ ಹಳೆಯ ಜಾವಾದಿಂದ ಒಂದು ಫೈಲ್, ಹೊಸದರಿಂದ ಒಂದು ಫೈಲ್ ತೆಗೆದು ಬೈಟ್ ಬೈಟ್ ಹೋಲಿಸಿ ನೋಡಿದ ಮೇಲೆಯೇ ಮುಂದೆ ಹೋದರು. ಜೆಡೆಪ್ಸ್ ಕೊಟ್ಟ ಬದಲಿ ಹೆಸರು ಸರಿಯಿತ್ತು. ಎರಡರ ನಡವಳಿಕೆ ಒಂದೇ ಎಂದು ಅದು ಎಲ್ಲೂ ಹೇಳಿರಲಿಲ್ಲ.

ಬಾಣ ಇಲ್ಲದ ಜಾರ್‌ಗಳು

ಇಷ್ಟಾದ ಮೇಲೆ ತಂಡಕ್ಕೆ ಸಾಧನದ ಮೇಲೆ ಭರವಸೆ ಬಂದಿತ್ತು. ಸಮ್ಮರಿ ಆಯ್ಕೆ ಕೊಟ್ಟರೆ ಯಾವ ಜಾರ್ ಯಾವ ಜಾರ್ ಮೇಲೆ ನಿಂತಿದೆ ಎಂದು ಒಂದೊಂದು ಸಾಲಿನಲ್ಲಿ ಬರುತ್ತದೆ. ಅದನ್ನು ಸ್ಪ್ರೆಡ್‌ಶೀಟಿಗೆ ಹಾಕಿ ನೋಡಿದರೆ, ಯಾರಿಂದಲೂ ಬಾಣ ಬಾರದ ಜಾರ್‌ಗಳು ಒಂದಿಪ್ಪತ್ತು ಸಿಕ್ಕವು. ಇವನ್ನು ಯಾರೂ ಬಳಸುತ್ತಿಲ್ಲ, ತೆಗೆದುಬಿಟ್ಟರೆ ಅಷ್ಟು ಹೊರೆ ಇಳಿಯಿತು ಎಂಬ ಲೆಕ್ಕಾಚಾರ ಶುರುವಾಯಿತು. ಮಾಲೀಕರಿಗೂ ಇದು ಹಿಡಿಸಿತು. ಅವುಗಳಲ್ಲಿ ಕೆಲವು ನಿಜಕ್ಕೂ ಕಸವೇ ಆಗಿದ್ದವು: ಒಂದೇ ಲೈಬ್ರರಿಯ ಎರಡು ಆವೃತ್ತಿ, ಯಾವುದೋ ಡೆಮೊದ ಪಳೆಯುಳಿಕೆ. ಡೇಟಾಬೇಸ್ ಡ್ರೈವರ್ ಕೂಡ ಅದೇ ಪಟ್ಟಿಯಲ್ಲಿತ್ತು. ಅದನ್ನು ನೋಡಿ ಎಲ್ಲರೂ ನಕ್ಕು ‘ಇದೊಂದು ಬಿಟ್ಟು’ ಎಂದರು. ಡ್ರೈವರ್ ಆ ಪಟ್ಟಿಗೆ ಯಾಕೆ ಬಂತು ಎಂದು ಅಲ್ಲೇ ನಿಂತು ಕೇಳಿದ್ದರೆ ಮುಂದಿನದು ತಪ್ಪುತ್ತಿತ್ತು.

ಡ್ರೈವರ್ ಬಿಟ್ಟು ಆ ಪಟ್ಟಿಯ ಜಾರ್‌ಗಳನ್ನು ತೆಗೆದು ಕಟ್ಟಿದ ವಾರ್ ಮೊದಲು ಹೋದದ್ದು ಒಂದು ಚಿಕ್ಕ ಸಂಘದ ಒಂದೇ ಶಾಖೆಗೆ. ಹಗಲಿಡೀ ಜಮಾ, ನಾವೆ, ಪಾಸ್‌ಬುಕ್ ಎಲ್ಲ ಸರಾಗ. ಸಂಜೆ ಪಿಗ್ಮಿ ಏಜೆಂಟರು ಅಂಗಡಿ ಅಂಗಡಿ ಸುತ್ತಿ ಹಣ ಕೂಡಿಸಿಕೊಂಡು, ಕೈಯಲ್ಲಿನ ಪುಟ್ಟ ಮಷೀನನ್ನು ಕೌಂಟರಿನ ಮೇಲಿಟ್ಟರು. ಕ್ಯಾಷಿಯರ್ ಫೋನ್ ಮಾಡಿದರು: ‘ಸರ್, ಪಿಗ್ಮಿ ಮಷೀನ್ ತಗೊಳ್ಳವಲ್ದು ನೋಡ್ರಿ. ಮಂದಿ ನಿಂತಾರ.’ ಕರಾವಳಿಯಲ್ಲಿ 1928ರಲ್ಲಿ ಶುರುವಾದ ಪಿಗ್ಮಿ ಪದ್ಧತಿ ಇವತ್ತಿಗೂ ಇಂಥ ಸಂಘಗಳ ಜೀವಾಳ. ದಿನಕ್ಕೆ ಐವತ್ತು, ನೂರು ರೂಪಾಯಿ ಕಟ್ಟುವ ತರಕಾರಿ ಅಂಗಡಿಯವರ ಲೆಕ್ಕ ಅವತ್ತೇ ಏರದಿದ್ದರೆ ಸಂಘದ ಮೇಲಿನ ನಂಬಿಕೆಯೇ ಅಲುಗಾಡುತ್ತದೆ.

ಪ್ರತಿ ಕಂಪನಿಯ ಪಿಗ್ಮಿ ಮಷೀನಿನ ಫೈಲ್ ರೂಪ ಬೇರೆ ಬೇರೆ. ಹಳೆಯ ಎಂಜಿನಿಯರ್ ಯಾರೋ ಜಾಣತನದಿಂದ, ಒಂದೊಂದು ಮಾದರಿಗೂ ಒಂದೊಂದು ಕ್ಲಾಸ್ ಬರೆದು ಬೇರೆ ಜಾರ್‌ನಲ್ಲಿಟ್ಟಿದ್ದರು. ಯಾವ ಶಾಖೆಗೆ ಯಾವ ಕ್ಲಾಸ್ ಎಂಬುದು ಡೇಟಾಬೇಸಿನ ಒಂದು ಟೇಬಲ್‌ನಲ್ಲಿ ಬರೀ ಪಠ್ಯವಾಗಿ ಕೂತಿತ್ತು. ಕೋಡ್ ಆ ಹೆಸರನ್ನು ಓದಿ, ಕ್ಲಾಸ್-ಫಾರ್‌ನೇಮ್ ಮೂಲಕ ಓಡುವ ಹೊತ್ತಿನಲ್ಲಿ ಅದನ್ನು ಕರೆಯುತ್ತಿತ್ತು. ಬೈಟ್‌ಕೋಡಿನಲ್ಲಿ ಆ ಹೆಸರೇ ಇಲ್ಲದ ಮೇಲೆ ಜೆಡೆಪ್ಸ್ ಬಾಣ ಎಳೆಯುವುದು ಎಲ್ಲಿಂದ? ಡೇಟಾಬೇಸ್ ಡ್ರೈವರ್‌ಗೆ ಬಾಣ ಬಾರದಿದ್ದದ್ದೂ ಇದಕ್ಕೇ: ಅದರ ಹೆಸರು ಇದ್ದದ್ದು ಪ್ರಾಪರ್ಟೀಸ್ ಫೈಲಿನಲ್ಲಿ.

ಆ ಸಂಜೆ ಹಳೆಯ ವಾರ್ ವಾಪಸ್ ಹಾಕಿ ಪಿಗ್ಮಿ ಏರಿಸಿದರು. ಹಳೆಯದನ್ನು ಪಕ್ಕದಲ್ಲೇ ಇಟ್ಟುಕೊಂಡು, ಡೇಟಾಬೇಸಿನ ರಚನೆಯನ್ನು ಮುಟ್ಟದೆ ಪ್ರಯೋಗಕ್ಕೆ ಇಳಿದದ್ದರಿಂದ ಇದು ಅರ್ಧ ಗಂಟೆಯೊಳಗೆ ಆಯಿತು. ಆ ಮುನ್ನೆಚ್ಚರಿಕೆ ಮೇಡಂ ಅವರದ್ದು.

ಮರುದಿನದ ಚರ್ಚೆಯಲ್ಲಿ ಒಂದು ಗುಂಪು ‘ಈ ಸಾಧನ ನಂಬೋ ಹಾಂಗಿಲ್ಲ’ ಎಂದಿತು. ಅದು ಅನ್ಯಾಯದ ಮಾತು. ಜೆಡೆಪ್ಸ್ ಕೊಡುವುದು ರೇಷನ್ ಕಾರ್ಡಿನಂಥ ದಾಖಲೆ. ಅದರಲ್ಲಿ ಹೆಸರಿದ್ದವರೆಲ್ಲ ಈಗ ಮನೆಯಲ್ಲಿ ಉಣ್ಣುತ್ತಿರಬೇಕೆಂದಿಲ್ಲ, ಲಾಗ್4ಜೆಯ ಜೆಎಂಎಸ್ ಹಾಗೆ. ಮನೆಯಲ್ಲಿ ಉಣ್ಣುವವರೆಲ್ಲರ ಹೆಸರೂ ಅದರಲ್ಲಿ ಇರಬೇಕೆಂದಿಲ್ಲ, ಪಿಗ್ಮಿ ಜಾರ್ ಹಾಗೆ. ಬಾಣ ಇದ್ದರೆ ಕೋಡಿನಲ್ಲಿ ಉಲ್ಲೇಖ ಇದೆ ಎಂದಷ್ಟೇ ಅರ್ಥ. ಬಾಣ ಇಲ್ಲದಿರುವುದರಿಂದ, ಇನ್ನೆಲ್ಲಿ ಹುಡುಕಬೇಕು ಎಂಬ ಪ್ರಶ್ನೆಯನ್ನಷ್ಟೇ ಹುಟ್ಟಿಸಿಕೊಳ್ಳಬಹುದು.

ಓಡುವಾಗ ಕೇಳಿಸಿಕೊಂಡದ್ದು

ಆ ಪ್ರಶ್ನೆಗೆ ಉತ್ತರ ಹುಡುಕಲು ಮೂರು ಕಡೆ ಹೋದರು. ಸೋರ್ಸ್ ಕೋಡಿನಲ್ಲಿ ಕ್ಲಾಸ್-ಫಾರ್‌ನೇಮ್ ಬರುವ ಜಾಗಗಳನ್ನು ಗ್ರೆಪ್ ಮಾಡಿ ಹುಡುಕಿದರು. ಸ್ಪ್ರಿಂಗ್‌ನ ಎಕ್ಸ್‌ಎಂಎಲ್, ಪ್ರಾಪರ್ಟೀಸ್ ಫೈಲುಗಳು, ಜಾರ್‌ಗಳ ಒಳಗಿನ ಮೆಟಾ-ಇನ್ಫ್ ಸರ್ವೀಸಸ್ ಫೋಲ್ಡರುಗಳನ್ನು ನೋಡಿದರು. ಡೇಟಾಬೇಸಿನಲ್ಲಿ ಪ್ಯಾಕೇಜಿನ ಹೆಸರಿನಂತೆ ಚುಕ್ಕಿ ಚುಕ್ಕಿ ಇರುವ ಪಠ್ಯಗಳನ್ನು ಹುಡುಕಿದರು. ಇದೆಲ್ಲ ಕೈಕೆಲಸ.

ಇದಕ್ಕಿಂತ ಹೆಚ್ಚು ಫಲ ಕೊಟ್ಟದ್ದು, ಜಾವಾ 8ರ ಮೇಲೆ ಎಂದಿನಂತೆ ಓಡುತ್ತಿದ್ದ ಒಂದು ಶಾಖೆಯ ಸರ್ವರ್‌ಗೆ ವರ್ಬೋಸ್-ಕ್ಲಾಸ್ ಆಯ್ಕೆ ಹಾಕಿ ಬಿಟ್ಟದ್ದು. ಅದು ಪ್ರತಿ ಕ್ಲಾಸ್ ಲೋಡ್ ಆದಾಗ ಅದರ ಹೆಸರು, ಯಾವ ಜಾರ್‌ನಿಂದ ಬಂತು ಎಂಬುದನ್ನು ಲಾಗ್‌ಗೆ ಬರೆಯುತ್ತದೆ. ಲಾಗ್ ಬೇಗ ಬೆಳೆಯುತ್ತದೆ, ಡಿಸ್ಕ್ ಜಾಗ ನೋಡಿಕೊಳ್ಳಬೇಕು. ತಿಂಗಳ ಕೊನೆಯ ಬಡ್ಡಿ ಲೆಕ್ಕ ಮುಗಿಯುವವರೆಗೆ ಅದನ್ನು ಇಟ್ಟರು. ಒಂದು ಕಡೆ ಜೆಡೆಪ್ಸ್ ಹೇಳಿದ ಪಟ್ಟಿ, ಇನ್ನೊಂದು ಕಡೆ ನಿಜವಾಗಿ ಲೋಡ್ ಆದ ಪಟ್ಟಿ. ಎರಡೂ ಒಪ್ಪದ ಸಾಲುಗಳನ್ನು ಮಾತ್ರ ಕೂತು ಚರ್ಚಿಸಿದರು. ಇಡೀ ಪ್ರಕರಣದಲ್ಲಿ ಅತಿ ಹೆಚ್ಚು ಕಲಿತದ್ದು ಆ ಒಪ್ಪದ ಸಾಲುಗಳಿಂದ.

ಇನ್ನೊಂದು ತೀರ್ಮಾನ 17ಕ್ಕೆ ನೇರ ಜಿಗಿಯದೆ ಟೆಸ್ಟ್ ಮಷೀನುಗಳಲ್ಲಿ 11ರ ಮೇಲೆ ತಂಗುವುದು. 11ರಲ್ಲಿ ಜೆಡಿಕೆಯ ಒಳಗೆ ರಿಫ್ಲೆಕ್ಷನ್‌ನಿಂದ ಕೈಹಾಕಿದರೆ ತಡೆಯುವುದಿಲ್ಲ, ಎಚ್ಚರಿಕೆ ಮಾತ್ರ ಕೊಡುತ್ತದೆ. ಇಲ್ಲೀಗಲ್-ಆಕ್ಸೆಸ್ ಆಯ್ಕೆಗೆ ಡೀಬಗ್ ಎಂದು ಕೊಟ್ಟರೆ ಪ್ರತಿ ಸಲವೂ ಸ್ಟ್ಯಾಕ್ ಟ್ರೇಸ್ ಸಮೇತ ಬರೆಯುತ್ತದೆ. 17ರಲ್ಲಿ ಒಂದೊಂದಾಗಿ ಬಿದ್ದು ತಿಳಿಯಬೇಕಾದದ್ದು 11ರಲ್ಲಿ ಬೀಳದೆಯೇ ಒಟ್ಟಿಗೆ ಸಿಗುತ್ತದೆ. ಜೆಡೆಪ್ಸ್‌ಗೆ ಕಾಣದ ಈ ಜಾತಿಯ ತೊಂದರೆಗಳಿಗೆ ಇದಕ್ಕಿಂತ ಅಗ್ಗದ ಉಪಾಯ ನನಗೆ ಗೊತ್ತಿಲ್ಲ.

ಅಲ್ಲಿ ತಂಗಿದ್ದರಿಂದ ಎಣಿಸದೇ ಇದ್ದ ಒಂದು ಲಾಭವೂ ಆಯಿತು. ಬಡ್ಡಿ ಲೆಕ್ಕ ಓಡಿಸಿದಾಗ ಲಾಗ್‌ನಲ್ಲಿ ನ್ಯಾಶಾರ್ನ್ ಎಂಜಿನ್ ಮುಂದೆ ಇರುವುದಿಲ್ಲ ಎಂಬ ಒಂದು ಸಾಲು ಕಾಣಿಸಿಕೊಂಡಿತು. ಠೇವಣಿಯ ಅವಧಿಗೆ ತಕ್ಕ ಬಡ್ಡಿ ಸೂತ್ರಗಳನ್ನು ಡೇಟಾಬೇಸಿನಲ್ಲಿ ಜಾವಾಸ್ಕ್ರಿಪ್ಟ್ ಆಗಿ ಬರೆದಿಟ್ಟಿದ್ದರು, ಜಾವಾದ ಸ್ಕ್ರಿಪ್ಟ್ ಎಂಜಿನ್‌ನಿಂದ ಅವನ್ನು ಬಿಡಿಸುತ್ತಿದ್ದರು. 15ರಿಂದ ಮುಂದೆ ಆ ಎಂಜಿನ್ ಕೇಳಿದರೆ ಜಾವಾ ದೂರು ಹೇಳುವುದಿಲ್ಲ, ಸುಮ್ಮನೆ ‘ನಲ್’ ಕೊಡುತ್ತದೆ. ಜೆಡೆಪ್ಸ್‌ಗೆ ಇದು ಕಾಣಲು ಸಾಧ್ಯವೇ ಇರಲಿಲ್ಲ, ಏಕೆಂದರೆ ಕೋಡ್ ಹೆಸರಿಸಿದ್ದ ಸ್ಕ್ರಿಪ್ಟಿಂಗ್ ಎಪಿಐ 17ರಲ್ಲೂ ಇದೆ, ಅದರ ಹಿಂದಿನ ಎಂಜಿನ್ ಮಾತ್ರ ಇಲ್ಲ. ಬೇರೆ ಜಾರ್ ಆಗಿ ಸಿಗುವ ಓಪನ್‌ಜೆಡಿಕೆಯ ನ್ಯಾಶಾರ್ನ್-ಕೋರ್ ಹಾಕಿ, ಹಿಂದಿನ ತಿಂಗಳ ಬಡ್ಡಿಯನ್ನು ಎರಡೂ ಕಡೆ ಪೈಸೆ ಮಟ್ಟಕ್ಕೆ ತಾಳೆ ಹಾಕಿ ನೋಡಿದರು. ತಾಳೆಯಾಯಿತು.

ಆದದ್ದೇನು

ಮೊದಲು ಅದೇ ಚಿಕ್ಕ ಸಂಘ, ಆಮೇಲೆ ಉಳಿದವು ಎಂದು ಎಲ್ಲ ಕಡೆ 17 ಬಂತು. ಹಳೆಯ ಸ್ಪ್ರಿಂಗ್ ಬದಲಿಸುವುದನ್ನು ಮುಂದಕ್ಕೆ ಹಾಕಿ, ಅದು ಬೇಡುವ ಜಾವಾ-ಲ್ಯಾಂಗ್ ಪ್ಯಾಕೇಜನ್ನು ಆಡ್-ಓಪನ್ಸ್ ಆಯ್ಕೆಯಿಂದ ಸದ್ಯಕ್ಕೆ ತೆರೆದಿಟ್ಟಿದ್ದಾರೆ. ಟಾಮ್‌ಕ್ಯಾಟ್‌ನ ಸೆಟ್‌ಎನ್ವ್ ಫೈಲಿನಲ್ಲಿ ಆ ಸಾಲಿನ ಮೇಲೆ, ಯಾವ ಜಾರ್‌ಗಾಗಿ ಇದು ಬೇಕಾಗಿದೆ, ಯಾವಾಗ ತೆಗೆಯಬಹುದು ಎಂದು ಕನ್ನಡದಲ್ಲೇ ಟಿಪ್ಪಣಿ ಇದೆ. ಇಂಥದ್ದನ್ನು ತಾತ್ಕಾಲಿಕ ಎಂದು ಹಾಕಿ ಮರೆತವರನ್ನು ಬಹಳ ನೋಡಿದ್ದೇನೆ, ಆದ್ದರಿಂದ ಟಿಪ್ಪಣಿ ಬೇಕೇ ಬೇಕೆಂದು ಹಟ ಹಿಡಿದೆ.

ಆಂಟ್ ಸ್ಕ್ರಿಪ್ಟಿನ ಕೊನೆಗೆ ಜೆಡೆಪ್ಸ್ ಸೇರಿದೆ. ಬಿಲ್ಡ್ ಆದಾಗಲೆಲ್ಲ ಒಳಗಿನ ಎಪಿಐಗಳ ಪಟ್ಟಿ ತೆಗೆದು, ಹಿಂದಿನ ಸಲ ಒಪ್ಪಿಕೊಂಡ ಪಟ್ಟಿಯ ಜೊತೆ ಹೋಲಿಸುತ್ತದೆ. ಹೊಸ ಸಾಲು ಒಂದು ಬಂದರೂ ಬಿಲ್ಡ್ ನಿಲ್ಲುತ್ತದೆ. ಹೊಸ ಜಾರ್ ತಂದು ಹಾಕುವವರು ಈಗ ಅದು ಯಾಕೆಂದು ಒಂದು ಸಾಲು ಬರೆಯದೆ ಹಾಕುವ ಹಾಗಿಲ್ಲ. ಮೇವನ್‌ಗೆ ಹೋಗೋಣ ಎಂಬ ಮಾತು ಇನ್ನೂ ಮಾತಾಗಿಯೇ ಇದೆ.

ಬಾಣ ಇಲ್ಲದ ಜಾರ್‌ಗಳಲ್ಲಿ ಕಸವೆಂದು ಖಾತ್ರಿಯಾದವನ್ನು ತೆಗೆದರು. ಖಾತ್ರಿಯಿಲ್ಲದವನ್ನು ‘ಮಾರ್ಚ್ ಆದಮೇಲೆ ನೋಡಬೇಕು’ ಎಂಬ ಪಟ್ಟಿಗೆ ಹಾಕಿ ಲಿಬ್‌ನಲ್ಲೇ ಬಿಟ್ಟರು, ಏಕೆಂದರೆ ಸಹಕಾರಿ ಸಂಘದ ಕೆಲವು ಕೋಡುಗಳು ವರ್ಷಕ್ಕೊಮ್ಮೆ, ಮಾರ್ಚ್ 31ರ ರಾತ್ರಿಯೇ ಓಡುವಂಥವು. ಮಾರ್ಚ್ ಕಳೆಯಿತು, ಅವುಗಳಲ್ಲಿ ಎರಡು ಲೋಡ್ ಆದದ್ದು ಲಾಗ್‌ನಲ್ಲಿ ಸಿಕ್ಕಿತು. ಇನ್ನು ಉಳಿದದ್ದನ್ನು ತೆಗೆಯಬಹುದು ಎನ್ನುವಾಗ ಹಳೆಯ ಲೆಕ್ಕಿಗರೊಬ್ಬರು ‘ಡಿವಿಡೆಂಡ್ ಹಂಚೋದು ಮಹಾಸಭೆ ಆದಮ್ಯಾಲಲ್ರೀ’ ಎಂದು ನೆನಪಿಸಿದರು. ಮಹಾಸಭೆಯ ನಂತರ ಮೂರನೆಯದೂ ಲೋಡ್ ಆಯಿತು. ಪಟ್ಟಿಯಲ್ಲಿ ಇನ್ನೂ ನಾಲ್ಕು ಉಳಿದಿವೆ, ಅವನ್ನು ಸದ್ಯಕ್ಕೆ ಯಾರೂ ಮುಟ್ಟಿಲ್ಲ.